ಜುಲೈ ತಿಂಗಳ ಚೌಕಟ್ಟು

ಖಾಲಿ ಚೌಕಟ್ಟಿನ ಮುಂದೆಯೇ ಜನ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಅವರ ನಡುವೆ ಸಂಧ್ಯಾ ಕಂಡಳು. ಪ್ರದರ್ಶನವಿಟ್ಟಿದ್ದ ಬದರೀನಾರಾಯಣ ಮೇಷ್ಟ್ರು ಕಾಫಿ ಲೋಟ ಹಿಡಿದು ಕಂಬದ ಮರೆಗೆ ಸರಿದರು.

1996ರ ಆಗಸ್ಟ್. ಬಸವನಗುಡಿಯ ಶಾಲೆಯೊಂದರ ಸಭಾಂಗಣ. ಗೋಡೆಯ ಮೇಲೆ ರಂಗನತಿಟ್ಟು ಪಕ್ಷಿಧಾಮದ ಹಿಂದಿನ ಒಂದು ವರ್ಷ, ತಿಂಗಳಿಗೊಂದರಂತೆ ಹನ್ನೆರಡು ಕಪ್ಪು-ಬಿಳುಪು ಚಿತ್ರ. ಫೆಬ್ರವರಿಯಲ್ಲಿ ಗೂಡಿಗೆ ಕಡ್ಡಿ ತರುವ ಕೊಕ್ಕರೆ. ಏಪ್ರಿಲ್‌ನಲ್ಲಿ ರೆಕ್ಕೆಯ ನೆರಳಲ್ಲಿ ಮರಿಗಳು. ಡಿಸೆಂಬರ್‌ನಲ್ಲಿ ಮಂಜು. ಜುಲೈನಲ್ಲಿ ಮಾತ್ರ ಬರೀ ಕಪ್ಪು ಕಾಗದ, ಕೆಳಗೊಂದು ಚೀಟಿ: 'ಸ್ಟುಡಿಯೋದವರ ಅಜಾಗರೂಕತೆಯಿಂದ ನಷ್ಟವಾದ ಚಿತ್ರ.'

"ಮೇಷ್ಟ್ರು ಒಂದು ತಿಂಗಳೂ ತಪ್ಪಿಸಿಲ್ವಂತೆ. ಯಾವ ಪುಣ್ಯಾತ್ಮರು ಹಾಳು ಮಾಡಿದ್ರೋ!" ಎಂದರು ಪಕ್ಕದ ಬೀದಿಯ ಅಂಬುಜಮ್ಮ. ಪುಣ್ಯಾತ್ಮಳು ಅವರ ಮಗ್ಗುಲಲ್ಲೇ ನಿಂತಿದ್ದಳು.

ಹಿಂದಿನ ವರ್ಷದ ಜುಲೈವರೆಗೆ ಸಂಧ್ಯಾ ಗಾಂಧಿಬಜಾರಿನ ಮುರುಗೇಶನ ಸ್ಟುಡಿಯೋದಲ್ಲಿ ಫಿಲ್ಮ್ ತೊಳೆಯುತ್ತಿದ್ದಳು. ಪಕ್ಷಿಧಾಮಕ್ಕೆ ಹೋಗಿಬಂದ ಮಾರನೆಯ ದಿನ ಬದರೀನಾರಾಯಣರು ಅವಳ ಕೈಗೆ ರೋಲು ಕೊಟ್ಟು, ಬ್ಯಾಗಿನ ಕೆಸರು ಒರೆಸಲು ಬಟ್ಟೆ ಕೇಳುವುದು ವಾಡಿಕೆ. ಅಂದೂ ಅವಳು ಬಟ್ಟೆ ಹಿಡಿದೇ ನಿಂತಿದ್ದಳು.

"ಅಷ್ಟು ಮಳೇಲೂ ಬ್ಯಾಗು ಕೆಸರೇ ಆಗಿಲ್ವಲ್ಲ ಸಾರ್!"

"ಪ್ಲಾಸ್ಟಿಕ್ ಕವರ್ ಹಾಕಿದ್ದೆ."

ಸಂಜೆಗೆ ಫಿಲ್ಮ್ ಗಾಜಿನಷ್ಟು ತಿಳಿಯಾಗಿ ಹೊರಬಂತು. ಒಂದೂ ಚಿತ್ರವಿಲ್ಲ. ಚಿತ್ರ ಮೂಡಿಸುವ ಔಷಧಿಗೆ ಮೊದಲೇ ಎರಡನೆಯದನ್ನು ಸುರಿದಿದ್ದೀಯ ಎಂದು ಮುರುಗೇಶ್ ಕೂಗಾಡಿದ. ಅವಳು ಫಿಲ್ಮನ್ನು ಬೆಳಕಿಗೆ ಹಿಡಿದಳು.

"ಕಂಪನಿಯವರು ಹಾಕಿದ ಅಂಚಿನ ನಂಬರ್ ಬಂದಿದೆ ನೋಡಿ. ನನ್ನ ತಪ್ಪಾಗಿದ್ರೆ ಅದೂ ಅಳಿಸಿ ಹೋಗ್ತಿತ್ತು. ರೋಲು ಕ್ಯಾಮೆರಾದಲ್ಲಿ ಕಚ್ಕೊಂಡೇ ಇಲ್ಲ ಅನ್ಸತ್ತೆ ಸಾರ್."

ತಪ್ಪು ಅವಳದಲ್ಲವೆಂದು ಬದರೀನಾರಾಯಣರಿಗೆ ಗೊತ್ತಿತ್ತು. ಫಿಲ್ಮಿನ ತುದಿ ಒಳಗಿನ ಹಲ್ಲಿಗೆ ಸಿಗದಿದ್ದರೆ ಮೂವತ್ತಾರು ಸಲ ಒತ್ತಿದರೂ ಏನೂ ಮೂಡುವುದಿಲ್ಲ. ಹೊಸಬರು ಮಾಡುವ ತಪ್ಪು ಅದು.

"ಇಪ್ಪತ್ತು ವರ್ಷದಿಂದ ರೋಲ್ ಹಾಕ್ತಿದೀನಿ. ನಂಗೇ ಹೇಳ್ಕೊಡ್ತೀಯೇನಮ್ಮ?" ಎಂದರು.

ಮುರುಗೇಶ್ ಅಂದೇ ಅವಳನ್ನು ಕೆಲಸದಿಂದ ಬಿಡಿಸಿದ. ಬದರೀನಾರಾಯಣರು ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟರು. ಉಳಿದ ತಿಂಗಳುಗಳ ರೋಲನ್ನು ಅವರು ಬೇರೆ ಕಡೆ ತೊಳೆಸಿದರು. ತರಕಾರಿಗೂ ಆ ರಸ್ತೆ ಬಿಟ್ಟು ಸುತ್ತಿ ಹೋದರು.

ಈಗ ಅವಳೇ ಎದುರಿಗೆ ಬಂದಳು. ಚಿಕ್ಕಪೇಟೆಯಲ್ಲಿ ಸೀರೆ ಮಡಿಸುವ ಕೆಲಸವಂತೆ. ಚೀಲದಿಂದ ಒಂದು ಚಿತ್ರ ತೆಗೆದಳು. ತುಂಬಿದ ಹೊಳೆ, ಅರ್ಧ ಮುಳುಗಿದ ಮರ, ತುದಿಯಲ್ಲಿ ತೊಯ್ದ ಒಂಟಿ ಬೆಳ್ಳಕ್ಕಿ.

"ಹೋದ ತಿಂಗಳು ಬೆಳಗಿನ ರೈಲಿಗೆ ಹೋಗಿದ್ದೆ ಸಾರ್. ಕ್ಯಾಮೆರಾ ಅಣ್ಣನ ಸ್ನೇಹಿತರದ್ದು. ಖಾಲಿ ಜಾಗದಲ್ಲಿ ಇದನ್ನ ಹಾಕ್ಕೊಳಿ. ಆ ಚೀಟಿ ಮಾತ್ರ ತೆಗೆದ್ಬಿಡಿ. ಮಲ್ಲೇಶ್ವರದ ಸ್ಟುಡಿಯೋದವರು ಕೆಲಸ ಕೊಡ್ತೀನಿ ಅಂದಿದ್ರು. ನಿನ್ನೆ ಇಲ್ಲಿ ಬಂದು ಇದನ್ನ ಓದಿ, ಯಾರು ಅಂತ ವಿಚಾರಿಸಿ, ಈಗ ನೋಡೋಣ ಅಂತಿದಾರೆ."

"ಚೆನ್ನಾಗಿದೆಯಮ್ಮ ಚಿತ್ರ," ಎಂದರು.

"ಅಲ್ಲಿನ ದೋಣಿಯವರು ನಿಮ್ಮನ್ನ ವಿಚಾರಿಸಿದ್ರು. ನೀವು ಬಂದ ಒಂದೊಂದು ಸಲವೂ ಅವರಿಗೆ ನೆನಪಿದೆ."

ಅವರು ಥಟ್ಟನೆ ಅವಳ ಮುಖ ನೋಡಿದರು. ಅಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಚೀಟಿ ಕಿತ್ತರು. ಹಿಂಬದಿಯಲ್ಲಿ ಬರೆದರು: 'ಚಿತ್ರ: ಸಂಧ್ಯಾ. ಹಿಂದಿನ ವರ್ಷದ ಚಿತ್ರ ಹಾಳಾಗಿದ್ದು ಸ್ಟುಡಿಯೋದವರಿಂದಲ್ಲ. ರೋಲನ್ನು ಸರಿಯಾಗಿ ಹಾಕದಿದ್ದುದು ನನ್ನ ತಪ್ಪು.'

ಸಂಧ್ಯಾ ಎರಡು ಸಲ ಓದಿದಳು. "ಇಷ್ಟು ಸಾಕು ಸಾರ್," ಎಂದು ಹೊರಟಳು.

"ಎಲ್ಲರ ಮುಂದೆ ಒಪ್ಕೊಂಡ್ರಲ್ಲ, ಎಂಥಾ ದೊಡ್ಡ ಮನಸ್ಸು!" ಎಂದರು ಅಂಬುಜಮ್ಮ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಬದರೀನಾರಾಯಣರು ತಲೆ ಎತ್ತಲಿಲ್ಲ.

ಆ ಜುಲೈ ಭಾನುವಾರ ನಸುಕಿನ ಮಳೆ ಕೇಳಿ ಅಲಾರಂ ಆರಿಸಿ ಕಂಬಳಿ ಹೊದ್ದವರು, ಮಾರನೆಯ ದಿನ ಹೊಸ ರೋಲನ್ನು ಪೊಟ್ಟಣದಿಂದ ತೆಗೆದು, ಚಿತ್ರ ತೆಗೆದ ರೋಲಿನಂತೆ ಕಾಣಲು ಅದರ ತುದಿಯನ್ನು ಬೆರಳಿನಿಂದಲೇ ಒಳಗೆ ಸುತ್ತಿ, ಅವಳ ಕೈಗಿಟ್ಟಿದ್ದರು.