ಐದನೇ ಬಾಗಿಲಿನ ಪ್ರಶ್ನೆ

ಗದಗಿನ ಗಾಜಿನ ಚಾವಣಿಯ ಹೊರಗೆ ಗಾಳಿ ಉಸಿರಾಡುವಂತಿರಲಿಲ್ಲ. ಒಳಬರುವವರನ್ನು ಬಾಗಿಲು ಕೇಳುವುದು ಹುಟ್ಟಿದ ದಿನ, ತಿಂಗಳನ್ನು ಮಾತ್ರ. ಉತ್ತರ ಹಳೆಯ ಸರ್ವರ್‌ನಲ್ಲಿರುವ ದಾಖಲೆಗೆ ಹೊಂದಬೇಕು. ಅದನ್ನು ತೆರೆದು ನೋಡಲೂ, ಒಂದಕ್ಷರ ತಿದ್ದಲೂ ಯಾರಿಗೂ ಅನುಮತಿಯಿಲ್ಲ. ಆ ದಾಖಲೆಯನ್ನು ಬಾಗಿಲುಗಳಿಗೆ ಓದಿ ಹೇಳುವ ವೆಬ್ ಸೇವೆಯನ್ನು ನೀಲಗಂಗಾ ಅಂದು ಬೆಳಿಗ್ಗೆ ಆರಂಭಿಸಿ, ಒಳಗೆ ಪರದೆಯ ಮುಂದೆ ಕುಳಿತಿದ್ದಳು.

ಐದನೇ ಬಾಗಿಲ ಹೊರಗೆ ಅವಳ ತಾಯಿ ಬಸಲಿಂಗವ್ವ ನಿಂತಿದ್ದರು. ಅವರು ಹೇಳಿದ ಎರಡು ತಾರೀಖುಗಳು ತಪ್ಪಾಗಿದ್ದವು. ಮೂರನೆಯದೂ ತಪ್ಪಿದರೆ ಬಾಗಿಲು ನಾಳೆಯವರೆಗೆ ತೆರೆಯದು. ಅವರ ಉಸಿರಾಟದ ಮುಖವಾಡದಲ್ಲಿ ಆರು ನಿಮಿಷದ ಗಾಳಿ ಉಳಿದಿತ್ತು.

"ನಾ ಹುಟ್ಟಿದ್ದು ನಾಗರ ಪಂಚಮಿ ದಿನಾನ," ಎಂದರು ತಾಯಿ, ಸ್ಪೀಕರ್‌ನಲ್ಲಿ.

"ಅವ್ವಾ, ನಿನ್ನ ಕನ್ನಡ ಸಾಲಿಗೆ ಹಚ್ಚಿದಾಗ ತಾರೀಖು ಬರದವರು ಯಾರು?"

"ಮಾಸ್ತರು. ಅಪ್ಪಗ ಎಲ್ಲಿ ಗೊತ್ತಿತ್ತು?"

ನೀಲಗಂಗಾ ಥಟ್ಟನೆ ಎದ್ದಳು. "ಜೂನ್ ಒಂದು ಅನ್ನು. ಗೊತ್ತಿಲ್ಲದವರಿಗೆಲ್ಲ ಮಾಸ್ತರು ಅದನ್ನ ಬರದಾರ, ಈ ದಾಖಲೆನೂ ಸಾಲಿ ರಿಜಿಸ್ಟರಿಂದನ ಬಂದದ."

"ಜೂನ್‌ದಾಗ ಪಂಚಮಿ ಬರ್ತದೇನ, ಹುಚ್ಚಿ?"

"ಹಂಗ ಅನ್ನು ಬೇ ಅವ್ವಾ!"

"ಜೂನ್ ಒಂದು," ಎಂದರು ಬಸಲಿಂಗವ್ವ, ಸಿಟ್ಟಿನಿಂದಲೇ. ಬಾಗಿಲು ಸರಿಯಿತು.

ಅವರ ಹಿಂದೆ ಸರದಿಯಲ್ಲಿದ್ದ ಹತ್ತೊಂಬತ್ತು ವೃದ್ಧರಲ್ಲಿ ಹದಿನೇಳು ಮಂದಿ ಅದೇ ತಾರೀಖು ಹೇಳಿ ಒಳಬಂದರು. ಇಬ್ಬರು ಹೊರಗೇ ಉಳಿದರು. ಅವರು ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ.