ಸುಳ್ಳು ಹೇಳುವ ಸೆನ್ಸರ್

ಮರಿಗೌಡರ ಟರ್ಬೊ ಕಾರನ್ನು ಅವರ ಹೊರತು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಅವರ ಅವ್ವ ಅಂತೂ ಅದರ ಹತ್ತಿರ ಸುಳಿದದ್ದನ್ನೂ ಗೌಡರು ಕಂಡಿರಲಿಲ್ಲ. ಕಾರು ಹತ್ತಿದರೆ ತಲೆ ಸುತ್ತುತ್ತದೆ, ಹಾಲಿನ ಡೈರಿಗೆ ನಡೆದೇ ಹೋಗುತ್ತೇನೆಂದು ನಸುಕಿನಲ್ಲೇ ಎದ್ದು ಹೊರಡುತ್ತಿದ್ದರು. ಆ ನಡಿಗೆಯಿಂದಲೇ ಅವ್ವನ ಮಂಡಿನೋವು ಮಾಯವಾಯಿತೆಂದು ಗೌಡರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ವಾಸಿಯಾಗದೆ ಉಳಿದದ್ದು ಕಾರಿನ ರೋಗ. ಇಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆಯೆಂದು ಹೇಳುವ ಸೆನ್ಸರ್ ಅದರಲ್ಲಿತ್ತು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಅದು ಹೊರಗಿನ ಗಾಳಿಯಷ್ಟೇ ಬಿಸಿ ತೋರಿಸಬೇಕು. ಆದರೆ ಊರಿನವರು ಸ್ವೆಟರ್ ಹಾಕಿಕೊಂಡು ನಡುಗುವ ಬೆಳಗಿನಲ್ಲೂ, ಗೌಡರು ಮೊಬೈಲಿಗೆ ಜೋಡಿಸಿ ನೋಡಿದರೆ ಐವತ್ತೆಂಟು ಡಿಗ್ರಿ! ಎರಡು ಸೆನ್ಸರ್ ಬದಲಾಯಿಸಿದರೂ ಅದೇ ಕಥೆ.

ಮೂರನೆಯದೂ ಹಾಗೇ ತೋರಿಸಿದ ದಿನ ಗೌಡರು ಮೆಕ್ಯಾನಿಕ್ ಇಲಿಯಾಸ್‌ನನ್ನು ಬೆಳಿಗ್ಗೆಯೇ ಮನೆಗೆ ಕರೆಸಿದರು.

“ಎಲ್ಲಾ ಡೂಪ್ಲಿಕೇಟ್ ಮಾಲು ಹಾಕಿದ್ದೀಯ. ನಿನ್ನ ಗ್ಯಾರೇಜಿಗೆ ಇನ್ನು ಒಬ್ರೂ ಕಾಲಿಡದಂಗೆ ಮಾಡ್ತೀನಿ ಕಣಯ್ಯಾ!”

ಇಲಿಯಾಸ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಚುರ್ ಎಂದು ಹಿಂದಕ್ಕೆ ಎಳೆದುಕೊಂಡ.

“ಗೌಡ್ರೇ, ಸೆನ್ಸರ್ ನಿಜಾನೇ ಹೇಳ್ತಾ ಇದೆ. ಗಾಡಿ ಈಗ ತಾನೇ ಓಡಿ ಬಂದದೆ.”

“ಯಾವನಯ್ಯಾ ಓಡ್ಸೋನು? ರಾತ್ರಿಯೆಲ್ಲಾ ಕೀ ನಮ್ಮವ್ವನ ಸೆರಗಿನ ಗಂಟಲ್ಲಿರ್ತದೆ!”

ಅಷ್ಟರಲ್ಲಿ ಅವ್ವ ಕಾಫಿ ತಂದು ಇಲಿಯಾಸ್‌ನ ಕೈಗಿಟ್ಟರು.

“ಹೆಂಗೂ ಬಂದಿದ್ದೀಯಲ್ಲ ಮಗಾ, ಆ ಎರಡನೇ ಗೇರನ್ನೂ ಒಸಿ ನೋಡ್ಬುಡು. ಡೈರಿ ತಿರುವಲ್ಲಿ ಬೀಳಕ್ಕೇ ಒಲ್ಲೆ ಅಂತದೆ.”