ಖೋಖೋ ಕಂಬ

“ಕಂಬ ತಬ್ಕೊಂಡು ನಿಂತ್ರೆ ಖೋಖೋ ಬಂದ್ಬುಡ್ತದಾ?” ವನಜಾ ಯಾರನ್ನೂ ಉದ್ದೇಶಿಸದೆ ಕೇಳಿದಳು. ತಿಪಟೂರಿನ ಕಾಲೇಜು ಮೈದಾನದಲ್ಲಿ, ಅವಳೇ ಸುಣ್ಣದ ಗೆರೆ ಎಳೆದ ಅಂಕಣದೊಳಗೆ, ಭರತನಾಟ್ಯದ ಲಿಖಿತಾ ರೇಷ್ಮೆಯುಟ್ಟು ಗೆಜ್ಜೆ ಕಟ್ಟಿ ನಿಂತಿದ್ದಳು. ಸ್ಟುಡಿಯೋ ದಯಾನಂದ್ ಕಾಲೇಜು ಕ್ಯಾಲೆಂಡರಿನ ಖೋಖೋ ಪುಟಕ್ಕೆಂದು ಅವಳ ಫೋಟೋ ತೆಗೆಯುತ್ತಿದ್ದ. ಮೂರು ವರ್ಷದಿಂದ ಖೋಖೋ ತಂಡದ ನಾಯಕಿಯಾಗಿದ್ದ ವನಜಾಳತ್ತ ಆ ಕ್ಯಾಮೆರಾ ಒಮ್ಮೆಯೂ ತಿರುಗಿರಲಿಲ್ಲ.

ಕಂಬ ಹಿಡಿದು ಹೊರಕ್ಕೆ ಬಾಗಲು ಲಿಖಿತಾಗೆ ಬರಲಿಲ್ಲ. “ವನಜಾ, ಒಂದ್ಸಲ ಮಾಡಿ ತೋರ್ಸಮ್ಮ,” ಎಂದ ದಯಾನಂದ್. ವನಜಾ ಅಂಗೈಗೆ ಮಣ್ಣು ಉಜ್ಜಿಕೊಂಡು ಓಡಿ ಬಂದು, ಒಂದೇ ಕೈಯಲ್ಲಿ ಕಂಬ ಹಿಡಿದು, ನೆಲದಿಂದ ಮೊಳದಷ್ಟು ಮೇಲೆ ಮೈ ಚಾಚಿ ತಿರುಗಿದಳು. ನಗುತ್ತಲೇ ಕ್ಯಾಮೆರಾ ಕಡೆ ನೋಡಿದಳು. ಲೆನ್ಸಿಗೆ ಮುಚ್ಚಳ ಹಾಕಿಯೇ ಇತ್ತು.

“ರೀಲು ಅವ್ಳಿಗೇ ಸಾಲ್ದು ಕಣಮ್ಮ,” ಎಂದ.

“ಎಷ್ಟು ಚೆನ್ನಾಗಿತ್ತು. ಕೈ ಹೆಂಗೆ ಹಿಡೀಬೇಕು, ಹೇಳ್ಕೊಡಕ್ಕ,” ಎನ್ನುತ್ತ ಲಿಖಿತಾ ಹತ್ತಿರ ಬಂದಳು.

ವನಜಾ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. “ಹೇಳ್ಕೊಡಲ್ಲ.”